ಹೆಪ್ಪುಗಟ್ಟುವ ಬಿಂದುವನ್ನು ಅಳೆದ ಮೇಷ್ಟ್ರು: ಫ್ರಾಂಸ್ವಾ ಮಾರಿ ರೌಲ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಮನೆಗೆ ಬಂದು ಕೇಳಿದಾಗ, ಅವರ ಮನಸ್ಸಿನಲ್ಲಿ ಸರ್ ಸಿ. ವಿ. ರಾಮನ್ ಅಥವಾ ವಿಶ್ವೇಶ್ವರಯ್ಯನವರ ಹೆಸರು ಇತ್ತೆಂದು ಕಾಣುತ್ತದೆ. ನಾನು ರೌಲ್ ಅಂದೆ. ಬಂದವರಲ್ಲಿ ಒಬ್ಬರು, ಪಿಯುಸಿಯಲ್ಲಿ ವಿಜ್ಞಾನ ಓದಿದವರು, ರೌಲ್ಟ್ಸ್ ಲಾ ಅಲ್ಲವೇ ಸಾರ್, ನಾಲ್ಕು ಅಂಕದ ಪ್ರಶ್ನೆ ಅಂದರು. ಹೌದು, ಅವರೇ. ಫ್ರೆಂಚರು ಆ ಹೆಸರಿನ ಕೊನೆಯ ಟಕಾರವನ್ನು ಉಚ್ಚರಿಸುವುದಿಲ್ಲ ಎಂಬುದು ಮೂವತ್ತು ವರ್ಷ ಪಾಠ ಹೇಳಿದ ನನಗೂ ಬಹಳ ತಡವಾಗಿ ತಿಳಿಯಿತು. ನಿಯಮ ಎಲ್ಲರಿಗೂ ಗೊತ್ತು, ಮನುಷ್ಯ ಯಾರಿಗೂ ಗೊತ್ತಿಲ್ಲ. ಅವರೂ ನಮ್ಮ ಹಾಗೆ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವರು. ಆದ್ದರಿಂದ ಈ ಸಂಚಿಕೆಗೆ ಹೊಂದುವವರು ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ನಮ್ಮ ಶಾಲೆಯದೇ ಒಂದು ನೆನಪು. ಆಗ ಎರಡೇ ಕೊಠಡಿ. ಪ್ರಯೋಗಾಲಯ ಎಂದರೆ ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿದ್ದ ಬೀಗ ಹಾಕಿದ ಒಂದು ಕಪಾಟು. ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಅಂಗಡಿಯಿಂದ ನುಸಿಗುಳಿಗೆ ತರಿಸಿ, ಪುಡಿ ಮಾಡಿ, ಪ್ರನಾಳದಲ್ಲಿ ಹಾಕಿ, ನೀರಿನ ಬೀಕರಿನಲ್ಲಿಟ್ಟು ಕಾಯಿಸಿದರು. ಪೂರ್ತಿ ಕರಗಿದ ಮೇಲೆ ಪ್ರನಾಳವನ್ನು ಹೊರಗೆ ತೆಗೆದು, ಅರ್ಧ ನಿಮಿಷಕ್ಕೊಮ್ಮೆ ಉಷ್ಣತಾಮಾಪಕ ನೋಡಿ ಕೂಗಿ ಹೇಳುವ ಕೆಲಸ ನನಗೆ ಕೊಟ್ಟರು. ತೊಂಬತ್ತರಿಂದ ಪಾದರಸ ಸರಸರನೆ ಇಳಿಯಿತು. ಎಂಬತ್ತಕ್ಕೆ ಬಂದು ನಿಂತುಬಿಟ್ಟಿತು. ಎಂಬತ್ತು, ಎಂಬತ್ತು, ಎಂಬತ್ತು ಎಂದು ನಾನು ಕೂಗುತ್ತಲೇ ಇದ್ದೆ, ಹುಡುಗರು ನಗತೊಡಗಿದರು. ಒಳಗೆ ಬಿಳಿ ಹರಳು ಕಟ್ಟುತ್ತಿತ್ತು. ಎಲ್ಲವೂ ಗಟ್ಟಿಯಾದ ಮೇಲಷ್ಟೇ ಪಾದರಸ ಮತ್ತೆ ಇಳಿಯಿತು. ಕರಗುವ ಬಿಂದುವೂ ಹೆಪ್ಪುಗಟ್ಟುವ ಬಿಂದುವೂ ಒಂದೇ, ಯಾವ ದಿಕ್ಕಿನಿಂದ ಬಂದಿರಿ ಎಂಬುದಷ್ಟೇ ವ್ಯತ್ಯಾಸ ಎಂದು ಮೇಷ್ಟ್ರು ಆ ದಿನ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಹಾಗೆ ಪಾದರಸ ನಿಲ್ಲುವ ಒಂದು ಜಾಗವನ್ನು ನೋಡುತ್ತಲೇ ಬದುಕಿನ ದೊಡ್ಡ ಭಾಗ ಕಳೆದವರು ರೌಲ್.

ಫ್ರಾಂಸ್ವಾ ಮಾರಿ ರೌಲ್ ಹುಟ್ಟಿದ್ದು 1830ರ ಮೇ 10ರಂದು, ಫ್ರಾನ್ಸಿನ ಉತ್ತರ ತುದಿಯಲ್ಲಿ, ಲಿಲ್ ನಗರಕ್ಕೆ ಹತ್ತಿರದ ಫೂರ್ನ್ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೇ. ಓದಲು ಪ್ಯಾರಿಸ್ಸಿಗೆ ಹೋದರು, ಆದರೆ ಕೈಯಲ್ಲಿ ಹಣವಿಲ್ಲದೆ ಓದನ್ನು ಅರ್ಧಕ್ಕೇ ಬಿಟ್ಟು ಹೊರಡಬೇಕಾಯಿತು. 1853ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ರೀಮ್ಸ್ ನಗರದ ಲೀಸೆಯಲ್ಲಿ ಒಂದು ಕೆಲಸ ಸಿಕ್ಕಿತು. ಲೀಸೆ ಎಂದರೆ ಅಲ್ಲಿನ ಸರ್ಕಾರ ನಡೆಸುವ ಪ್ರೌಢಶಾಲೆ. ಸಿಕ್ಕಿದ್ದು ಪಾಠ ಮಾಡುವ ಹುದ್ದೆಯೂ ಅಲ್ಲ, ಹುಡುಗರ ಓದು ಗಮನಿಸುತ್ತ ಪಾಠ ಒಪ್ಪಿಸಿಕೊಳ್ಳುವ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಅಲ್ಲಿಂದ ಊರೂರು ಬದಲಾಯಿಸುತ್ತ, ಒಂಬತ್ತು ವರ್ಷದ ಮೇಲೆ, 1862ರಲ್ಲಿ ಸಾನ್ಸ್ ಎಂಬ ಊರಿನ ಲೀಸೆಯಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾದರು. ವರ್ಗಾವಣೆಯ ಗಂಟುಮೂಟೆ ಕಟ್ಟಿದ ನಮ್ಮ ಶಿಕ್ಷಕ ಬಂಧುಗಳಿಗೆ ಆ ಒಂಬತ್ತು ವರ್ಷವನ್ನು ವಿವರಿಸಿ ಹೇಳಬೇಕಿಲ್ಲ.

ಆ ಶಾಲೆಯಲ್ಲಿ ಪಾಠ ಮಾಡುತ್ತಲೇ ಅವರು ವಿದ್ಯುತ್ಕೋಶಗಳ ಮೇಲೆ ಪ್ರಬಂಧ ಸಿದ್ಧಪಡಿಸಿ, 1863ರಲ್ಲಿ ಪ್ಯಾರಿಸ್ಸಿನಿಂದ ಡಾಕ್ಟರೇಟ್ ಪಡೆದರು. ಹಣವಿಲ್ಲದೆ ಬಿಟ್ಟುಬಂದ ಊರಿನಿಂದಲೇ ಪದವಿ ಬಂತು. ವಿದ್ಯುತ್ಕೋಶದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯ ಶಾಖಕ್ಕೂ ಅದು ಕೊಡುವ ವಿದ್ಯುತ್ತಿನ ಕೆಲಸಕ್ಕೂ ಲೆಕ್ಕ ಸರಿಹೊಂದುತ್ತದೆಯೇ ಎಂಬುದು ಆ ಪ್ರಬಂಧದ ಪ್ರಶ್ನೆ. ಎಲ್ಲ ಸಲವೂ ಹೊಂದುವುದಿಲ್ಲ ಎಂದು ಅಳೆದು ತೋರಿಸಿದರು. ಅಳತೆಯೇ ಅವರ ಹಾದಿ ಎಂಬುದು ಆಗಲೇ ಕಾಣುತ್ತದೆ.

1867ರಲ್ಲಿ ಗ್ರೆನೋಬ್ಲ್‌ನ ವಿಜ್ಞಾನ ವಿಭಾಗದಲ್ಲಿ ರಸಾಯನಶಾಸ್ತ್ರದ ತರಗತಿಗಳ ಹೊಣೆ ಬಂತು. ಮೂರು ವರ್ಷದ ಮೇಲೆ, 1870ರಲ್ಲಿ, ಅಲ್ಲಿನ ಪ್ರಾಧ್ಯಾಪಕ ಪೀಠ ಅವರದಾಯಿತು. ಆಲ್ಪ್ಸ್ ಪರ್ವತಗಳ ನಡುವೆ, ಇಸೇರ್ ನದಿಯ ದಡದ ಊರು ಗ್ರೆನೋಬ್ಲ್. ವಿಜ್ಞಾನದ ಮಟ್ಟಿಗೆ ಆಗಿನ ಫ್ರಾನ್ಸಿನಲ್ಲಿ ಪ್ಯಾರಿಸ್ ಒಂದೇ ಊರು, ಉಳಿದದ್ದೆಲ್ಲ ಮೂಲೆ. ಆ ಮೂಲೆಯಲ್ಲೇ ಅವರು ಸಾಯುವವರೆಗೂ ಇದ್ದರು. ಮೊದಲ ವರ್ಷಗಳಲ್ಲಿ ಕೈಗೆ ಸಿಕ್ಕಿದ ಕೆಲಸ ಮಾಡಿದಂತೆ ಕಾಣುತ್ತದೆ. ಅಮೋನಿಯಂ ನೈಟ್ರೇಟ್ ಅಮೋನಿಯಾ ಅನಿಲವನ್ನು ಹೀರುವ ಬಗ್ಗೆ ಒಂದು ಲೇಖನ, ಮನುಷ್ಯನ ದೇಹದಲ್ಲಿ ತಾಮ್ರ ಮತ್ತು ಸತು ಸಹಜವಾಗಿಯೇ ಇರುತ್ತವೆ ಎಂದು 1877ರಲ್ಲಿ ಇನ್ನೊಂದು. ಇಷ್ಟಕ್ಕೇ ನಿಂತಿದ್ದರೆ ಅವರ ಹೆಸರು ಇವತ್ತು ಯಾರಿಗೂ ಬೇಕಾಗುತ್ತಿರಲಿಲ್ಲ.

1878ರಲ್ಲಿ ಉಪ್ಪಿನ ದ್ರಾವಣಗಳು ಹೆಪ್ಪುಗಟ್ಟುವ ಬಗ್ಗೆ ಮೊದಲ ಲೇಖನ ಬಂತು. ಆಗ ರೌಲ್ ಅವರಿಗೆ ನಲವತ್ತೆಂಟು ವರ್ಷ. ಇನ್ನೇನು ನಿವೃತ್ತಿಗೆ ಹತ್ತು ವರ್ಷ ಎಂದು ನಾವು ದಿನ ಎಣಿಸುವ ವಯಸ್ಸಿನಲ್ಲಿ ಅವರು ಕೆಲಸ ಶುರು ಮಾಡಿದರು.

ನೀರಿಗೆ ಉಪ್ಪು ಹಾಕಿದರೆ ಅದು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟದು, ಇನ್ನೂ ಕೆಳಗೆ ಇಳಿಯಬೇಕು ಎಂಬುದು ಹೊಸ ವಿಷಯವೇನಲ್ಲ. ಜಾತ್ರೆಯಲ್ಲಿ ಕುಲ್ಫಿ ಮಾರುವವನು ಮಂಜುಗಡ್ಡೆಗೆ ಕಲ್ಲುಪ್ಪು ಸುರಿಯುವುದು ಇದೇ ಕಾರಣಕ್ಕೆ. ಹಾಕಿದ ಉಪ್ಪು ಎರಡರಷ್ಟಾದರೆ ಇಳಿತವೂ ಎರಡರಷ್ಟು ಎಂಬುದನ್ನು 1788ರಲ್ಲೇ ಇಂಗ್ಲೆಂಡಿನ ಚಾರ್ಲ್ಸ್ ಬ್ಲಾಗ್ಡೆನ್ ಎಂಬ ವೈದ್ಯರು ಬರೆದಿದ್ದರು. ಆದರೆ ತೊಂಬತ್ತು ವರ್ಷ ಎಲ್ಲರೂ ನೋಡಿದ್ದು ಹೆಚ್ಚಾಗಿ ನೀರು ಮತ್ತು ಉಪ್ಪುಗಳನ್ನು. ಉಪ್ಪುಗಳ ಲೆಕ್ಕ ತೊಡಕಿನದು. ರೌಲ್ ಮಾಡಿದ್ದೇನೆಂದರೆ ಸಕ್ಕರೆ, ಮದ್ಯಸಾರ, ಯೂರಿಯಾದಂಥ ಸಾವಯವ ವಸ್ತುಗಳ ಕಡೆ ತಿರುಗಿದರು. ಅದರ ಮೇಲೆ ನೀರನ್ನೂ ಬಿಟ್ಟು ಬೇರೆ ದ್ರಾವಕಗಳನ್ನು ಹಿಡಿದರು: ಬೆಂಜೀನ್, ಅಸಿಟಿಕ್ ಆಮ್ಲ, ಫಾರ್ಮಿಕ್ ಆಮ್ಲ, ನೈಟ್ರೊಬೆಂಜೀನ್. ಇವೆಲ್ಲ ಚಳಿಗೆ ಸುಲಭವಾಗಿ ಹೆಪ್ಪುಗಟ್ಟುವ ದ್ರವಗಳು. ಬೆಂಜೀನ್ 5.5 ಡಿಗ್ರಿಗೆ ಗಟ್ಟಿಯಾಗುತ್ತದೆ, ಶುದ್ಧ ಅಸಿಟಿಕ್ ಆಮ್ಲ 16.6ಕ್ಕೇ.

ಈ ಅಳತೆ ಕೇಳಲು ಸುಲಭ, ಮಾಡಲು ಕಷ್ಟ. ದ್ರವ ತಣ್ಣಗಾಗುತ್ತ ಬಂದು ತನ್ನ ಬಿಂದುವಿನಲ್ಲಿ ಒಳ್ಳೆಯ ಹುಡುಗನ ಹಾಗೆ ನಿಲ್ಲುವುದಿಲ್ಲ. ಹೆಪ್ಪುಗಟ್ಟದೆಯೇ ಇನ್ನೂ ಅರ್ಧ ಡಿಗ್ರಿ, ಒಂದು ಡಿಗ್ರಿ ಕೆಳಕ್ಕೆ ಜಾರುತ್ತದೆ. ಆಗ ಒಂದು ಸಣ್ಣ ಹರಳು ಬಿದ್ದರೂ ಸಾಕು, ಥಟ್ಟನೆ ಒಳಗೆಲ್ಲ ಹರಳು ಮೂಡಿ, ಬಿಡುಗಡೆಯಾದ ಶಾಖದಿಂದ ಪಾದರಸ ಮೇಲಕ್ಕೆ ಏರಿ ನಿಲ್ಲುತ್ತದೆ. ಆ ನಿಂತ ಜಾಗವೇ ನಿಜವಾದ ಬಿಂದು. ಶುದ್ಧ ದ್ರಾವಕವಾದರೆ ಅಲ್ಲೇ ನಿಲ್ಲುತ್ತದೆ. ದ್ರಾವಣವಾದರೆ ನಿಲ್ಲದೆ ಮತ್ತೆ ನಿಧಾನವಾಗಿ ಇಳಿಯುತ್ತದೆ, ಏಕೆಂದರೆ ಹರಳಾಗಿ ಹೊರಬೀಳುವುದು ದ್ರಾವಕ ಮಾತ್ರ. ಉಳಿದ ದ್ರವ ಹೊತ್ತುಹೊತ್ತಿಗೂ ದಟ್ಟವಾಗುತ್ತದೆ. ಆದ್ದರಿಂದ ಹರಳು ಬಹಳ ಸ್ವಲ್ಪ ಇರುವಾಗಲೇ ಓದಬೇಕು, ಬಿಡದೆ ಕಲಕುತ್ತಿರಬೇಕು, ಆದರೆ ಜೋರಾಗಿ ಕಲಕಿದರೆ ಅದರಿಂದಲೇ ಶಾಖ. ಸುತ್ತಲಿನ ತಣ್ಣನೆಯ ತೊಟ್ಟಿ ತೀರ ತಣ್ಣಗಿದ್ದರೂ ತಪ್ಪು, ಸಾಲದಿದ್ದರೂ ತಪ್ಪು. ಅಳೆಯುವುದಾದರೋ ಒಂದು ಡಿಗ್ರಿಯ ನೂರನೆಯ ಭಾಗವನ್ನು. ರೌಲ್ ಕೊನೆಕೊನೆಗೆ ಸಾವಿರದ ಭಾಗಕ್ಕೂ ಇಳಿದರು.

ಇದನ್ನು ನಾನು ಬಲ್ಲೆ ಎಂದು ಹೇಳಲು ಒಂದು ಕಾರಣವಿದೆ, ಅದು ಹೆಮ್ಮೆಯ ಕಾರಣವಲ್ಲ. ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ನಮಗೆ ಈ ಪ್ರಯೋಗವಿತ್ತು. ಬೆಳಿಗ್ಗೆಯೇ ಅಟೆಂಡರು ಐಸ್‌ಕ್ಯಾಂಡಿ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿ, ಮರದ ಹೊಟ್ಟಿನಲ್ಲಿ ಮುಚ್ಚಿದ ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ತರುತ್ತಿದ್ದರು. ಒಂದು ಪ್ರನಾಳ, ಅದರ ಸುತ್ತ ಗಾಳಿಗೆಂದು ಇನ್ನೊಂದು ದೊಡ್ಡ ಪ್ರನಾಳ, ಅದರ ಸುತ್ತ ಮಂಜುನೀರು. ಕಲಕಲು ಬಳೆಯಂತೆ ಬಾಗಿಸಿದ ತಂತಿ. ಮೊದಲು ಹತ್ತನೇ ಭಾಗದ ಗೆರೆಗಳಿದ್ದ ಉಷ್ಣತಾಮಾಪಕದಿಂದ ಬೆಂಜೀನಿನ ಬಿಂದುವನ್ನು ನೋಡಿ ಬರೆದುಕೊಳ್ಳಬೇಕು. ನನಗೆ ಬಂದದ್ದು 4.9. ಮತ್ತೆ ಕರಗಿಸಿ ಮತ್ತೆ ನೋಡಿದೆ, 4.9. ಪುಸ್ತಕದಲ್ಲಿ 5.5. ಪಕ್ಕದವನ ಕಡೆ ನೋಡಿದೆ, ಅವನು ನನ್ನ ಕಡೆ ನೋಡಿದ. ಇಬ್ಬರೂ ರೆಕಾರ್ಡಿನಲ್ಲಿ 5.5 ಎಂದು ಬರೆದೆವು. ಬ್ಯಾಚಿನ ಉಳಿದವರೂ ಅದನ್ನೇ ಬರೆದಿದ್ದರು.

ಸಂಜೆ ನಮ್ಮ ಮೇಷ್ಟ್ರು ರೆಕಾರ್ಡುಗಳನ್ನು ಮುಂದಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದರು. ಬೆಂಜೀನ್ ಯಾವ ಬಾಟಲಿಯದು ಎಂದು. ಎಲ್ಲರದೂ ಒಂದೇ ಬಾಟಲಿ, ಅಂಗಡಿಯ ಸಾಧಾರಣ ದರ್ಜೆಯ ಮಾಲು. ಬೆಳಿಗ್ಗೆ ಅವರೇ ಅದನ್ನು ಅಳೆದು ನೋಡಿದ್ದರಂತೆ, 4.9. ಬೈಯಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಮಾಡಿದರು. ಒಂದು ಕಿಲೋ ಬೆಂಜೀನಿನಲ್ಲಿ ಯಾವುದೇ ವಸ್ತುವಿನ ಒಂದು ಗ್ರಾಂ-ಅಣುತೂಕ ಕರಗಿದರೆ ಬಿಂದು 5.12 ಡಿಗ್ರಿ ಇಳಿಯುತ್ತದೆ. ಇಲ್ಲಿ ಇಳಿದಿರುವುದು 0.6. ಬೆರೆತಿರುವುದು ಟೊಲ್ವೀನ್ ಎಂದಿಟ್ಟುಕೊಂಡರೆ, ಅದರ ಅಣುತೂಕ 92, ಕಿಲೋಗೆ ಸುಮಾರು ಹನ್ನೊಂದು ಗ್ರಾಂ. ಅಂದರೆ ನೂರಕ್ಕೆ ಒಂದು ಪಾಲು ಬೇರೆ ಮಾಲು. ಬಾಟಲಿಯಲ್ಲಿ ಏನಿದೆ ಎಂದು ಉಷ್ಣತಾಮಾಪಕ ನಿಮಗೆ ಬಾಯಿಬಿಟ್ಟು ಹೇಳಿತ್ತು, ನೀವು ಅದರ ಬಾಯಿ ಮುಚ್ಚಿದಿರಿ ಎಂದರು. ರೌಲ್ ಎಂಬ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂದು ನಾನು ಮೊದಲು ಕೇಳಿದ್ದು ಆ ಸಂಜೆಯೇ. ಮಾರನೆಯ ವಾರ ಎಲ್ಲರೂ ಪ್ರಯೋಗವನ್ನು ಹೊಸದಾಗಿ ಮಾಡಿದೆವು.

ಆ ನಾಚಿಕೆ ನನ್ನನ್ನು ತಿದ್ದಿಬಿಟ್ಟಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ, ಮುಂದೆ ನಾನೇ ಮೇಷ್ಟ್ರಾದ ಮೇಲೆ, ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬರುವ ವರ್ಷಗಳಲ್ಲಿ, ಪುಸ್ತಕದ ಉತ್ತರ ಬರೆದ ಮಕ್ಕಳಿಗೆ ಪೂರ್ತಿ ಅಂಕವನ್ನೂ ಇದ್ದದ್ದನ್ನು ಇದ್ದ ಹಾಗೆ ಬರೆದವರಿಗೆ ಒಂದೆರಡು ಕಡಿಮೆಯನ್ನೂ ಕೊಟ್ಟಿದ್ದೇನೆ. ಅವರಲ್ಲಿ ಕೆಲವರು ಈ ಸಂಚಿಕೆ ಓದಬಹುದು. (ಇನ್ನೊಂದು ಮಾತು. ಆ ಕಾಲದಲ್ಲಿ ನಾವು ಬೆಂಜೀನಿನಲ್ಲಿ ಕೈಯನ್ನೂ ತೊಳೆಯುತ್ತಿದ್ದೆವು. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಈಗ ಅದನ್ನು ಮಕ್ಕಳ ಕೈಗೆ ಕೊಡಬಾರದು. ಸೈಕ್ಲೊಹೆಕ್ಸೇನ್ ಬಳಸಬಹುದು, ಅದು ಹೆಪ್ಪುಗಟ್ಟುವುದೂ 6.5ಕ್ಕೆ, ಇಳಿತವೂ ನಾಲ್ಕು ಪಟ್ಟು ಹೆಚ್ಚು.)

ಮತ್ತೆ ಗ್ರೆನೋಬ್ಲ್‌ಗೆ. 1882ರಲ್ಲಿ ರೌಲ್ ಪ್ರಕಟಿಸಿದ ಸಂಗತಿ ಇದು: ಒಂದೇ ದ್ರಾವಕದಲ್ಲಿ ಬೇರೆ ಬೇರೆ ವಸ್ತುಗಳನ್ನು, ಅವುಗಳ ಅಣುತೂಕದ ಪ್ರಮಾಣದಲ್ಲಿ ಕರಗಿಸಿದರೆ, ಹೆಪ್ಪುಗಟ್ಟುವ ಬಿಂದು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಅಷ್ಟು ಇಳಿಯುತ್ತದೆ. ಒಂದು ಲೀಟರ್ ನೀರಿಗೆ 6 ಗ್ರಾಂ ಯೂರಿಯಾ ಹಾಕಿ, ಅಥವಾ 34.2 ಗ್ರಾಂ ಸಕ್ಕರೆ ಹಾಕಿ, ಇಳಿಯುವುದು ಎರಡರಲ್ಲೂ ಸುಮಾರು 0.19 ಡಿಗ್ರಿ. ಸಕ್ಕರೆ ತೂಕದಲ್ಲಿ ಆರು ಪಟ್ಟು ಹತ್ತಿರ ಹೆಚ್ಚು, ಆದರೂ ಪರಿಣಾಮ ಒಂದೇ, ಏಕೆಂದರೆ ಅಣುಗಳ ಸಂಖ್ಯೆ ಒಂದೇ. ನಾನು ತರಗತಿಯಲ್ಲಿ ಬಸ್ಸಿನ ಕಂಡಕ್ಟರನ್ನು ಕರೆತರುತ್ತಿದ್ದೆ. ಅವನು ಟಿಕೆಟ್ ಹರಿಯುವುದು ತಲೆ ಎಣಿಸಿ. ಹತ್ತಿದವನು ಸಣಕಲನೋ ದಪ್ಪನೋ, ಅವನ ಊರು ಯಾವುದು, ಕೇಳುವುದಿಲ್ಲ. ಹೆಪ್ಪುಗಟ್ಟುವ ದ್ರಾವಕವೂ ಕರಗಿದ ಅಣುಗಳ ತಲೆ ಎಣಿಸುತ್ತದೆ, ಅಷ್ಟೆ.

ಇದರಿಂದ ಏನಾಯಿತು ಎಂದು ಕೇಳಬಹುದು. ಅಲ್ಲಿಯವರೆಗೆ ಒಂದು ವಸ್ತುವಿನ ಅಣುತೂಕ ಕಂಡುಹಿಡಿಯಬೇಕಾದರೆ ಅದನ್ನು ಕಾಯಿಸಿ ಆವಿ ಮಾಡಿ ಆವಿಯ ಸಾಂದ್ರತೆ ಅಳೆಯಬೇಕಿತ್ತು. ಸಕ್ಕರೆಯನ್ನು ಕಾಯಿಸಿದರೆ ಆವಿಯಾಗುತ್ತದೆಯೇ? ಕರಟಿ ಕಪ್ಪಗಾಗುತ್ತದೆ. ಜೀವಿಗಳಿಂದ ದೊರೆಯುವ ಎಷ್ಟೋ ವಸ್ತುಗಳ ಪಾಡು ಇದೇ. ಅಂಥವುಗಳ ಅಣುತೂಕ ಊಹೆಯ ಮಾತಾಗಿತ್ತು. ರೌಲ್ ತೋರಿಸಿದ ದಾರಿಯಲ್ಲಿ ಕಾಯಿಸುವುದೇ ಬೇಕಿಲ್ಲ. ತೂಗಿ ಕರಗಿಸಿ, ತಣ್ಣಗೆ ಮಾಡಿ, ಎಷ್ಟು ಇಳಿಯಿತೆಂದು ನೋಡಿದರೆ ಸಾಕು. ನೂರು ಗ್ರಾಂ ಬೆಂಜೀನಿನಲ್ಲಿ 1.28 ಗ್ರಾಂ ನುಸಿಗುಳಿಗೆ ಕರಗಿಸಿದರೆ ಬಿಂದು ಅರ್ಧ ಡಿಗ್ರಿ ಇಳಿಯುತ್ತದೆ. ಅದರಿಂದ ನ್ಯಾಫ್ತಲೀನಿನ ಅಣುತೂಕ 128 ಎಂದು ಬಿ.ಎಸ್‌ಸಿ. ಹುಡುಗನೂ ತೆಗೆಯಬಲ್ಲ. ಈ ವಿದ್ಯೆಗೆ ರೌಲ್ ಕ್ರಯೊಸ್ಕೋಪಿ ಎಂದು ಹೆಸರಿಟ್ಟರು, ಗ್ರೀಕಿನಲ್ಲಿ ಕ್ರಯೊಸ್ ಎಂದರೆ ಚಳಿ, ಹಿಮ. ಪ್ಯಾರಿಸ್ಸಿನ ಪ್ರಭಾವಿ ರಸಾಯನಶಾಸ್ತ್ರಜ್ಞ ಬರ್ತಲೋ ಪರಮಾಣು ಲೆಕ್ಕವನ್ನೇ ಒಪ್ಪದೆ ಕೂತಿದ್ದ ಕಾಲದಲ್ಲಿ, ದೂರದ ಊರಿನಲ್ಲಿ ಒಬ್ಬರು ಅಣುಗಳ ತಲೆ ಎಣಿಸುತ್ತಿದ್ದರು.

ರೌಲ್ ಇಲ್ಲಿಗೇ ನಿಲ್ಲಲಿಲ್ಲ, ಒಂದು ಹೆಜ್ಜೆ ಮುಂದೆ ಹೋಗಿ ಎಡವಿದರು. ಅದನ್ನೂ ಹೇಳಬೇಕು. ದ್ರಾವಕ ಯಾವುದೇ ಇರಲಿ, ಅದರ ನೂರು ಅಣುಗಳಿಗೆ ಬೇರೆಯದೊಂದು ಅಣು ಸೇರಿದರೆ ಬಿಂದು ಸುಮಾರು 0.62 ಡಿಗ್ರಿ ಇಳಿಯುತ್ತದೆ, ಇದು ಸಾರ್ವತ್ರಿಕ ನಿಯಮ ಎಂದು ಅವರು ಸಾರಿದರು. ಬೆಂಜೀನಿಗೆ ಹೊಂದಿತು, ಅಸಿಟಿಕ್ ಆಮ್ಲಕ್ಕೆ ಹೊಂದಿತು, ನೈಟ್ರೊಬೆಂಜೀನಿಗೆ ಒಂದಿಷ್ಟು ಹೊಂದಿತು. ನೀರು ಮಾತ್ರ ಒಂದು ಡಿಗ್ರಿಗೂ ಹೆಚ್ಚು ಇಳಿಯಿತು. ನೀರಿನ ಅಣುಗಳು ಗುಂಪು ಕಟ್ಟಿಕೊಂಡಿರುತ್ತವೆ ಎಂದು ಹೇಳಿ ಅದನ್ನೂ ನಿಯಮದ ಒಳಗೆ ತರಲು ನೋಡಿದರು. ಅದು ಕೂಡಲಿಲ್ಲ. ಪ್ರತಿ ದ್ರಾವಕದ ಇಳಿತವೂ ಅದರ ಕರಗುವ ಉಷ್ಣತೆಯನ್ನೂ ಕರಗಲು ಬೇಕಾದ ಶಾಖವನ್ನೂ ಅವಲಂಬಿಸಿದೆ ಎಂದು ಆಮ್‌ಸ್ಟರ್‌ಡಾಮಿನ ವಾಂಟ್ ಹಾಫ್ ಕಾಗದದ ಮೇಲೆ ಲೆಕ್ಕಹಾಕಿ ತೋರಿಸಿದರು. ಆ ಲೆಕ್ಕದ ಪ್ರಕಾರ ಕಿಲೋ ನೀರಿಗೆ ಬರಬೇಕಾದ ಇಳಿತ 1.86, ರೌಲ್ ಅಳೆದದ್ದು 1.85. ಸಾರ್ವತ್ರಿಕ ನಿಯಮ ಬಿದ್ದುಹೋಯಿತು, ಅಳತೆ ನಿಂತಿತು. ನೀರಿನ ಅಂಕಿಯನ್ನು ಒತ್ತಿ ತಿದ್ದಿ 0.62ರ ಹತ್ತಿರ ತಂದಿದ್ದರೆ ವಾಂಟ್ ಹಾಫ್ ಅವರ ಲೆಕ್ಕಕ್ಕೆ ಆಧಾರವೇ ಇರುತ್ತಿರಲಿಲ್ಲ. ನನ್ನ 5.5 ನನಗೆ ನೆನಪಾಗುವುದು ಇಲ್ಲಿ.

ಉಪ್ಪುಗಳ ತೊಡಕು ಇನ್ನೂ ಸ್ವಾರಸ್ಯ. ಸಾವಯವ ವಸ್ತುಗಳು ನೀರನ್ನು 1.85ರಂತೆ ಇಳಿಸಿದರೆ, ಅಡುಗೆ ಉಪ್ಪಿನಂಥವು ಹತ್ತಿರ ಹತ್ತಿರ ಅದರ ಎರಡು ಪಟ್ಟು ಇಳಿಸುತ್ತಿದ್ದವು. ಬಸ್ಸು ಹತ್ತಿದ್ದು ಒಬ್ಬ, ಒಳಗೆ ಎಣಿಸಿದರೆ ಇಬ್ಬರು! ಬೆಂಜೀನಿನಲ್ಲಿ ಅಸಿಟಿಕ್ ಆಮ್ಲ ಕರಗಿಸಿದಾಗ ತಿರುಗುಮುರುಗು, ಬರಬೇಕಾದ ಇಳಿತದ ಅರ್ಧ ಮಾತ್ರ. ಇಬ್ಬರು ಕೈಹಿಡಿದು ಒಂದೇ ಟಿಕೆಟಿನಲ್ಲಿ ಕೂತಿದ್ದಾರೆ. ಇವನ್ನು ರೌಲ್ ಮರೆಮಾಚದೆ ಪಟ್ಟಿಯಲ್ಲಿ ಬರೆದಿಟ್ಟರು. ಉಪ್ಪು ಹಾಗೇಕೆ ಮಾಡುತ್ತದೆ ಎಂಬುದಕ್ಕೆ ಅವರಲ್ಲಿ ಪೂರ್ತಿ ಉತ್ತರವಿರಲಿಲ್ಲ.

ಉತ್ತರ ಬಂದದ್ದು ಸ್ವೀಡನ್ನಿನಿಂದ. ಸ್ವಾಂಟೆ ಅರ್ಹೀನಿಯಸ್ ಎಂಬ ಯುವಕ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪ್ರಬಂಧಕ್ಕೆ ಕೆಳದರ್ಜೆ ಸಿಕ್ಕಿತ್ತು. ಉಪ್ಪು ನೀರಿನಲ್ಲಿ ಕರಗಿದೊಡನೆ ವಿದ್ಯುದಾವೇಶದ ತುಣುಕುಗಳಾಗಿ, ಅಂದರೆ ಅಯಾನುಗಳಾಗಿ ಒಡೆಯುತ್ತದೆ ಎಂದು 1887ರಲ್ಲಿ ಅವರು ಸ್ಪಷ್ಟವಾಗಿ ಮಂಡಿಸಿದಾಗ, ಅದಕ್ಕೆ ಸಾಕ್ಷಿಯಾಗಿ ಮುಂದಿಟ್ಟದ್ದು ರೌಲ್ ಅವರ ಪಟ್ಟಿಗಳನ್ನು. ದ್ರಾವಣಗಳಲ್ಲಿ ವಿದ್ಯುತ್ತು ಹರಿಯುವ ಅಳತೆಯಿಂದ ಬಂದ ಸಂಖ್ಯೆಗಳೂ ಹೆಪ್ಪುಗಟ್ಟುವ ಬಿಂದುವಿನಿಂದ ಬಂದ ಸಂಖ್ಯೆಗಳೂ ಒಂದಕ್ಕೊಂದು ತಾಳೆಯಾದವು. ಈ ಲೇಖನಗಳು ಅಚ್ಚಾದದ್ದು ಅದೇ ವರ್ಷ ಲೈಪ್‌ಜಿಗ್‌ನಲ್ಲಿ ಆಸ್ಟ್‌ವಾಲ್ಡ್ ಮತ್ತು ವಾಂಟ್ ಹಾಫ್ ಶುರು ಮಾಡಿದ ಜರ್ಮನ್ ಪತ್ರಿಕೆಯಲ್ಲಿ. ರೌಲ್ ಪೀಠವೇರಿದ 1870ರಲ್ಲಿ ಅವರ ದೇಶವೂ ಪ್ರಷ್ಯಾವೂ ಯುದ್ಧಕ್ಕಿಳಿದಿದ್ದವು. ಹದಿನೇಳು ವರ್ಷದ ಮೇಲೆ ಅವರ ಅಂಕಿಗಳಿಗೆ ಎಲ್ಲಕ್ಕಿಂತ ಹೆಚ್ಚು ಗಿರಾಕಿಗಳು ಸಿಕ್ಕಿದ್ದು ಲೈಪ್‌ಜಿಗ್‌ನಲ್ಲಿ. 1888ರಲ್ಲಿ ಅಲ್ಲಿಯೇ ಅರ್ನ್‌ಸ್ಟ್ ಬೆಕ್‌ಮನ್ ಈ ಕೆಲಸಕ್ಕೆಂದೇ ಒಂದು ಉಷ್ಣತಾಮಾಪಕ ಮಾಡಿದರು. ಬುಡದಲ್ಲಿ ದೊಡ್ಡ ಗುಂಡು, ತಲೆಯಲ್ಲಿ ಹೆಚ್ಚಿನ ಪಾದರಸಕ್ಕೆ ಒಂದು ಸಣ್ಣ ಉಗ್ರಾಣ, ಅಷ್ಟುದ್ದದ ಕೊಳವೆಯಲ್ಲಿ ಐದಾರು ಡಿಗ್ರಿ ಮಾತ್ರ. ನೂರನೆಯ ಭಾಗ ಬರಿಗಣ್ಣಿಗೆ ಕಾಣುತ್ತದೆ. ನಮ್ಮ ಕಾಲೇಜಿನಲ್ಲಿದ್ದದ್ದು ಒಂದೇ. ಓದುವ ಮುನ್ನ ಪಾದರಸ ಅಂಟಿಕೊಂಡಿದ್ದರೆ ಬಿಡಲೆಂದು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಬೇಕಿತ್ತು, ತಟ್ಟುವಾಗ ಎಲ್ಲರ ಉಸಿರೂ ನಿಲ್ಲುತ್ತಿತ್ತು.

ಪಿಯುಸಿ ಪುಸ್ತಕದಲ್ಲಿರುವ ರೌಲ್ ನಿಯಮ ಇದಲ್ಲ, ಇದರ ತಮ್ಮ. ಕರಗಿದ ವಸ್ತು ದ್ರಾವಕದ ಆವಿಯ ಒತ್ತಡವನ್ನೂ ತಲೆಎಣಿಕೆಯ ಲೆಕ್ಕದಲ್ಲೇ ತಗ್ಗಿಸುತ್ತದೆ ಎಂದು 1887ರಲ್ಲಿ ಪ್ರಕಟಿಸಿದ್ದು ಅದು. ಅದು ಪರೀಕ್ಷೆಗೆ ಬರುವುದರಿಂದ ಹೆಸರು ಉಳಿಯಿತು. ನನಗೆ ಕೇಳಿದರೆ ಅಣ್ಣನೇ ದೊಡ್ಡವನು.

ಮನ್ನಣೆ ತಡವಾಗಿ, ಆದರೆ ಸಾಲಾಗಿ ಬಂತು. 1889ರಲ್ಲಿ ಗ್ರೆನೋಬ್ಲ್ ವಿಜ್ಞಾನ ವಿಭಾಗದ ಡೀನ್ ಆದರು, ಅದೇ ವರ್ಷ ಪ್ಯಾರಿಸ್ ಅಕಾಡೆಮಿಯ ಲಾಕಾಜ್ ಬಹುಮಾನ. 1890ರಲ್ಲಿ ಅಕಾಡೆಮಿಯ ಬಾಹ್ಯ ಸದಸ್ಯತ್ವ. 1892ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಡೇವಿ ಪದಕ ಕೊಟ್ಟಿತು. ಪ್ಯಾರಿಸ್ಸಿಗೆ ಹೋಗಿ ನೆಲೆಸಲಿಲ್ಲ. ಅರವತ್ತು ದಾಟಿದ ಮೇಲೂ ಅಳತೆಯನ್ನು ಇನ್ನಷ್ಟು ಸೂಕ್ಷ್ಮ ಮಾಡುವುದರಲ್ಲೇ ಇದ್ದರು, ತೀರ ತೆಳುವಾದ ದ್ರಾವಣಗಳಲ್ಲಿ ಅರ್ಹೀನಿಯಸ್ ಹೇಳಿದ್ದು ಸರಿಬರುತ್ತದೆಯೇ ಎಂದು ನೋಡುತ್ತ. ಆವಿ ಒತ್ತಡದ ಮೇಲೆ 1900ರಲ್ಲಿ ಒಂದು ಸಣ್ಣ ಪುಸ್ತಕ, ಕ್ರಯೊಸ್ಕೋಪಿಯ ಮೇಲೆ 1901ರಲ್ಲಿ ಇನ್ನೊಂದು ಬಂದವು. ಅದೇ 1901ರ ಏಪ್ರಿಲ್ 1ರಂದು ಗ್ರೆನೋಬ್ಲ್‌ನಲ್ಲೇ ತೀರಿಕೊಂಡರು. ಎಪ್ಪತ್ತೊಂದು ತುಂಬಲು ಒಂದು ತಿಂಗಳು ಚಿಲ್ಲರೆ ಬಾಕಿಯಿತ್ತು. ಆ ವರ್ಷದ ಡಿಸೆಂಬರಿನಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ವಾಂಟ್ ಹಾಫ್ ಅವರಿಗೆ ಸಿಕ್ಕಿತು, ದ್ರಾವಣಗಳ ಮೇಲಿನ ಕೆಲಸಕ್ಕೂ ಸೇರಿಸಿ. 1903ರದು ಅರ್ಹೀನಿಯಸ್ ಅವರಿಗೆ. ರೌಲ್ ಸತ್ತ ಮೇಲೆ ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಅವರ ನೆನಪಿನ ಉಪನ್ಯಾಸ ಕೊಟ್ಟವರು ಇದೇ ವಾಂಟ್ ಹಾಫ್. ಅವರ ಸಾರ್ವತ್ರಿಕ ನಿಯಮವನ್ನು ಕೆಡವಿದವರೇ ಬಂದು ಅವರ ಬಗ್ಗೆ ಮಾತಾಡಿದರು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಅವರ ವಿದ್ಯೆ ಎಲ್ಲೆಲ್ಲಿಗೆ ಬಂತು ಎಂಬುದಕ್ಕೆ ಎರಡೇ ಮಾತು. 1922ರಲ್ಲಿ ರಾಸ್ಟ್ ಎಂಬುವರು ದ್ರಾವಕವಾಗಿ ಕರ್ಪೂರವನ್ನು ಹಿಡಿದರು. ಬೆಂಜೀನ್ 5 ಡಿಗ್ರಿ ಇಳಿಯುವ ಕಡೆ ಕರ್ಪೂರ ಸುಮಾರು 40 ಇಳಿಯುತ್ತದೆ, ಆದ್ದರಿಂದ ಬೆಕ್‌ಮನ್ನರ ದುಬಾರಿ ಮಾಪಕ ಬೇಡ, ಸಾಮಾನ್ಯ ಉಷ್ಣತಾಮಾಪಕ ಸಾಕು. ಉಪಕರಣವಿಲ್ಲ ಎಂದು ಪೇಚಾಡುವ ಕಾಲೇಜುಗಳಿಗೆ ಅದೊಂದು ಅನುಕೂಲ.

ಎರಡನೆಯದು ನಮ್ಮ ಊರಿನವರೆಲ್ಲರಿಗೂ ಸಂಬಂಧಿಸಿದ್ದು. ಹಾಲು. ಹಸುವಿನ ಹಾಲು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 0.54 ಡಿಗ್ರಿ ಕೆಳಗೆ, ಅದರಲ್ಲಿರುವ ಹಾಲುಸಕ್ಕರೆ ಮತ್ತು ಲವಣಗಳಿಂದಾಗಿ. ಜಿಡ್ಡು ಹಸುವಿನಿಂದ ಹಸುವಿಗೆ, ಮೇವಿನಿಂದ ಮೇವಿಗೆ ಬದಲಾಗುತ್ತದೆ. ಈ ಬಿಂದು ಮಾತ್ರ ಹೆಚ್ಚು ಅಲುಗಾಡುವುದಿಲ್ಲ, ಏಕೆಂದರೆ ಹಾಲು ಕೆಚ್ಚಲಿನಲ್ಲಿ ರಕ್ತದೊಂದಿಗೆ ಸಮತೂಕದಲ್ಲಿರಬೇಕು. ನೂರಕ್ಕೆ ಒಂದು ಪಾಲು ನೀರು ಬೆರೆಸಿದರೆ ಬಿಂದು ಸೊನ್ನೆಯ ಕಡೆಗೆ ಒಂದು ಡಿಗ್ರಿಯ ಸಾವಿರದ ಐದು ಭಾಗದಷ್ಟು ಏರುತ್ತದೆ, ಹತ್ತು ಪಾಲಾದರೆ ಇದರ ಹತ್ತರಷ್ಟು. ದೊಡ್ಡ ಡೇರಿಗಳಲ್ಲಿ ಕ್ರಯೊಸ್ಕೋಪ್ ಎಂಬ ಯಂತ್ರ ಇದನ್ನು ಕೆಲವೇ ನಿಮಿಷಗಳಲ್ಲಿ ಅಳೆದು ಹೇಳುತ್ತದೆ. ಮಾದರಿಯನ್ನು ತಣ್ಣಗೆ ಮಾಡಿ, ಬಿಂದುವಿಗಿಂತ ಕೆಳಗೆ ಜಾರಲು ಬಿಟ್ಟು, ಒಮ್ಮೆ ಅಲುಗಿಸಿ ಹೆಪ್ಪುಗಟ್ಟಿಸಿ, ಏರಿ ನಿಂತ ಜಾಗವನ್ನು ಓದುತ್ತದೆ. ರೌಲ್ ಮಾಡುತ್ತಿದ್ದದ್ದೂ ಅದನ್ನೇ. ನೀರಿನ ಜೊತೆ ಸಕ್ಕರೆಯನ್ನೋ ಉಪ್ಪನ್ನೋ ಯೂರಿಯಾವನ್ನೋ ಸೇರಿಸಿ ಈ ಯಂತ್ರವನ್ನೂ ಏಮಾರಿಸುವವರಿದ್ದಾರೆ, ಅದಕ್ಕೆ ಬೇರೆ ಪರೀಕ್ಷೆಗಳಿವೆ.

ಹೋದ ವರ್ಷ ನನ್ನ ತಮ್ಮ, ಅವನೂ ಈ ಶಾಲೆಯವನೇ, ಮನೆಯಲ್ಲಿ ಎರಡು ಹಸು ಕಟ್ಟಿದ್ದಾನೆ, ಲ್ಯಾಕ್ಟೋಮೀಟರಿನ ಗೆರೆ ಕಡಿಮೆ ಬಂತೆಂದು ಹಾಲು ವಾಪಸಾದ ದಿನ ಸಿಟ್ಟಿನಲ್ಲಿ ನನ್ನ ಬಳಿ ಬಂದ. ನಾವು ಒಂದು ಹನಿ ನೀರು ಹಾಕಿಲ್ಲ ಅಣ್ಣ, ಇದಕ್ಕೆ ಬೇರೆ ಸಾಕ್ಷಿ ಏನೂ ಇಲ್ಲವಾ ಅಂದ. ಇದೆ ಎಂದು ಹೇಳಿ, ಅವನನ್ನು ಕೂರಿಸಿಕೊಂಡು ಇಷ್ಟೂ ಕಥೆ ಹೇಳಿದೆ. ಪೂರ್ತಿ ಕೇಳಿ, ಆ ಮೇಷ್ಟ್ರ ಮಿಷನ್ನು ನಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ ಅಂತ ಮೊದಲು ವಿಚಾರಿಸು ಅಂದ. ವಿಚಾರಿಸುತ್ತಿದ್ದೇನೆ.